ಐದು ನಿಮಿಷದ ಇಂಜೆಕ್ಷನ್ ತಾನೇ, ನಮ್ಮೂರಲ್ಲೇ ಹಾಕಿಸಬಾರದೇ?

ಸ್ತನ ಕ್ಯಾನ್ಸರಿಗೆ ಮೂರು ವಾರಕ್ಕೊಮ್ಮೆ ಟ್ರಾಸ್ಟುಜುಮಾಬ್ ಪಡೆಯುತ್ತಿರುವ ಮಹಿಳೆಯರ ಮನೆಯವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ತೊಡೆಗೆ ಐದು ನಿಮಿಷದಲ್ಲಿ ಕೊಟ್ಟು ಮುಗಿಸುವ ಇಂಜೆಕ್ಷನ್ನಿಗಾಗಿ ಸಕಲೇಶಪುರದಿಂದಲೋ ಅರಕಲಗೂಡಿನಿಂದಲೋ ಬೆಂಗಳೂರಿಗೆ ಏಕೆ ಹೋಗಬೇಕು, ಔಷಧಿ ತಂದುಕೊಂಡು ಊರಿನ ನರ್ಸಮ್ಮನ ಕೈಯಲ್ಲಿ ಹಾಕಿಸಿಕೊಂಡರೆ ಆಗದೇ? ಕ್ಯಾನ್ಸರ್ ಡೇ ಕೇರ್ ವಾರ್ಡಿನಲ್ಲಿ ನರ್ಸ್ ಆಗಿ ಬಹುಕಾಲ ದುಡಿದು ಈಗ ಹಾಸನದಲ್ಲಿ ನೆಲೆಸಿರುವ ನನ್ನ ಉತ್ತರ ಇದು. ಮನೆಯಲ್ಲಾಗಲಿ ಊರಿನ ಸಣ್ಣ ಕ್ಲಿನಿಕ್ಕಿನಲ್ಲಾಗಲಿ ಬೇಡ. ಹಾಸನದಲ್ಲೇ, ಕ್ಯಾನ್ಸರ್ ತಜ್ಞರ ಮೇಲ್ವಿಚಾರಣೆಯಿರುವ ಡೇ ಕೇರ್‌ನಲ್ಲಿ ಆಗಬಹುದು. ಆದರೆ ಅದಕ್ಕೆ ಮೊದಲು ಕೆಲವು ಸಂಗತಿಗಳು ಕಾಗದದ ಮೇಲೆ ಬಂದಿರಬೇಕು.

ಮೊದಲನೆಯದು, ನಿಮಗೆ ಕೊಡುತ್ತಿರುವುದು ಯಾವ ರೂಪದ ಔಷಧಿ ಎಂಬುದು. ಸ್ತನ ಕ್ಯಾನ್ಸರ್ ಇರುವ ನೂರು ಮಂದಿಯಲ್ಲಿ ಸುಮಾರು 15ರಿಂದ 20 ಮಂದಿಯ ಗಡ್ಡೆಯಲ್ಲಿ ಹರ್-2 ಎಂಬ ಪ್ರೋಟೀನು ಜೀವಕೋಶಗಳ ಮೇಲೆ ವಿಪರೀತವಾಗಿ ಇರುತ್ತದೆ ಮತ್ತು ಕೋಶಗಳಿಗೆ ಬೆಳೆಯಲು ಸೂಚನೆ ಕೊಡುತ್ತಲೇ ಇರುತ್ತದೆ. ಟ್ರಾಸ್ಟುಜುಮಾಬ್ ಆ ಪ್ರೋಟೀನಿಗೆ ಅಂಟಿಕೊಂಡು ಸೂಚನೆಯನ್ನು ತಡೆಯುವ, ಜೊತೆಗೆ ದೇಹದ ರೋಗನಿರೋಧಕ ಕೋಶಗಳಿಗೆ ಆ ಗಡ್ಡೆಯನ್ನು ಗುರುತಿಸಿಕೊಡುವ ಪ್ರತಿಕಾಯ. ಆದ್ದರಿಂದಲೇ ಇದನ್ನು ಟಾರ್ಗೆಟೆಡ್ ಥೆರಪಿ ಎನ್ನುತ್ತಾರೆ. ಇದು ಕೀಮೋ ಅಲ್ಲ, ಇದೊಂದರಿಂದಲೇ ಕೂದಲು ಉದುರುವುದಿಲ್ಲ, ಉದುರಿದರೆ ಅದು ಜೊತೆಯಲ್ಲಿ ಕೊಟ್ಟ ಕೀಮೋದಿಂದ. ಬಯಾಪ್ಸಿ ವರದಿಯಲ್ಲಿ ಹರ್-2 ಅಂಕ 3+ ಎಂದಿದ್ದರೆ ಈ ಔಷಧಿ ಅನ್ವಯಿಸುತ್ತದೆ, 2+ ಎಂದಿದ್ದರೆ ಫಿಶ್ ಎಂಬ ಮತ್ತೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಯಾವ ಆಸ್ಪತ್ರೆಗೆ ಹೋದರೂ ಆ ಹಾಳೆಯ ಪ್ರತಿ ಫೈಲಿನಲ್ಲಿರಲಿ.

1998ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಹರ್ಸೆಪ್ಟಿನ್, ಅಂದರೆ ಟ್ರಾಸ್ಟುಜುಮಾಬ್‌ನ ಮೊದಲ ಬ್ರ್ಯಾಂಡ್, ನರಕ್ಕೆ ಡ್ರಿಪ್ಪಿನ ಮೂಲಕ ಕೊಡುವ ಔಷಧಿ. ಮೂರು ವಾರದ ಕ್ರಮದಲ್ಲಿ ಮೊದಲ ಸಲ ದೇಹತೂಕದ ಪ್ರತಿ ಕಿಲೋಗೆ 8 ಮಿಲಿಗ್ರಾಂ, ಆಮೇಲೆ ಪ್ರತಿ ಸಲ 6 ಮಿಲಿಗ್ರಾಂ. ಅಂದರೆ 55 ಕಿಲೋ ತೂಗುವವರಿಗೆ ಮೊದಲು 440, ನಂತರ 330. ಮೊದಲ ಡ್ರಿಪ್ಪು ಒಂದೂವರೆ ಗಂಟೆ ಹಿಡಿಯುತ್ತದೆ. ತೊಡೆಯ ಚರ್ಮದಡಿಗೆ ಕೊಡುವ ರೂಪ ಬೇರೆ: ತೂಕ ಎಷ್ಟೇ ಇರಲಿ 600 ಮಿಲಿಗ್ರಾಂ, 5 ಎಂ.ಎಲ್. ದ್ರವ, ಎರಡರಿಂದ ಐದು ನಿಮಿಷ. ಚರ್ಮದಡಿಯಲ್ಲಿ ಅಷ್ಟು ದ್ರವ ಹಿಡಿಸುವುದು ಸಾಮಾನ್ಯವಾಗಿ ಕಷ್ಟ. ಅಲ್ಲಿನ ಅಂಟುಪದಾರ್ಥವನ್ನು ತಾತ್ಕಾಲಿಕವಾಗಿ ಸಡಿಲಗೊಳಿಸುವ ಹೈಲುರೊನಿಡೇಸ್ ಎಂಬ ಕಿಣ್ವವನ್ನು ಸೇರಿಸಿರುವುದರಿಂದ ಅದು ಸಾಧ್ಯವಾಗುತ್ತದೆ. ಮೂರನೆಯದು ಫೆಸ್ಗೋ: ಇದರಲ್ಲಿ ಪರ್ಟುಜುಮಾಬ್ ಎಂಬ ಇನ್ನೊಂದು ಪ್ರತಿಕಾಯವೂ ಸೇರಿದೆ, ಮೊದಲ ಸಲ 15 ಎಂ.ಎಲ್. ಎಂಟು ನಿಮಿಷದಲ್ಲಿ, ಆಮೇಲೆ 10 ಎಂ.ಎಲ್. ಐದು ನಿಮಿಷದಲ್ಲಿ. ಕೀಮೋದಿಂದ ನರಗಳು ಬತ್ತಿಹೋದವರಿಗೆ ಚರ್ಮದಡಿಯ ರೂಪ ನಿಜವಾಗಿಯೂ ದೊಡ್ಡ ನೆಮ್ಮದಿ. ಆದರೆ ಒಂದರ ಬದಲಿಗೆ ಇನ್ನೊಂದನ್ನು ಕೊಡುವಂತಿಲ್ಲ, ಚರ್ಮದಡಿಯ ಔಷಧಿಯನ್ನು ನರಕ್ಕೆ ಏರಿಸುವಂತಿಲ್ಲ. ಹೆಸರು ಹೋಲುವ ಟ್ರಾಸ್ಟುಜುಮಾಬ್ ಎಮ್ಟಾನ್ಸಿನ್, ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಎಂಬವು ಬೇರೆಯೇ ಔಷಧಿಗಳು. ಅವುಗಳ ಪ್ರಮಾಣವೂ ಬೇರೆ, ಅಪಾಯಗಳೂ ಬೇರೆ. ಈ ಪೆಟ್ಟಿಗೆಗಳನ್ನು ಹಿಂದೆಂದೂ ನೋಡದ ನರ್ಸಮ್ಮ ಎಷ್ಟೇ ಒಳ್ಳೆಯ ಕೈಯವಳಾದರೂ ಅವಳ ಮೇಲೆ ಈ ಹೊಣೆಯನ್ನು ಹೊರಿಸಬಾರದು.

ಸೂಜಿ ಹಾಕುವುದು ಐದು ನಿಮಿಷದ ಕೆಲಸವಾದರೂ ಆಮೇಲಿನ ಕಾವಲು ಐದು ನಿಮಿಷದ್ದಲ್ಲ. ಮೊದಲ ಸಲ ಚಳಿ, ನಡುಕ, ಜ್ವರ ಬರುವುದು ಸಾಮಾನ್ಯ, ವಿಶೇಷವಾಗಿ ಡ್ರಿಪ್ಪಿನಲ್ಲಿ. ಅಪರೂಪಕ್ಕೆ ಉಸಿರು ಕಟ್ಟಿ ರಕ್ತದೊತ್ತಡ ಕುಸಿಯುವ ತೀವ್ರ ಅಲರ್ಜಿಯೂ ಆಗಬಹುದು. ಫೆಸ್ಗೋ ಕೊಟ್ಟ ಮೇಲೆ ಮೊದಲ ಸಲ ಕನಿಷ್ಠ 30 ನಿಮಿಷ, ನಂತರದ ಸಲಗಳಲ್ಲಿ 15 ನಿಮಿಷ ಕಣ್ಣಿಟ್ಟಿರಬೇಕು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಆಮ್ಲಜನಕವೂ ಅಡ್ರಿನಲಿನ್ ಇಂಜೆಕ್ಷನ್ನೂ ಅವನ್ನು ಬಳಸಬಲ್ಲವರೂ ಇರಬೇಕು. ಕೆಲವು ದೇಶಗಳಲ್ಲಿ ತರಬೇತಿ ಪಡೆದ ಕ್ಯಾನ್ಸರ್ ನರ್ಸ್ ಮನೆಗೇ ಬಂದು ಇದನ್ನು ಕೊಡುವುದುಂಟಲ್ಲ ಎಂದು ಓದಿಕೊಂಡವರು ವಾದಿಸುತ್ತಾರೆ. ಉಂಟು, ಒಪ್ಪುತ್ತೇನೆ, ಅಲ್ಲಿ ಆ ನರ್ಸಿನ ಹಿಂದೆ ಒಂದು ಆಸ್ಪತ್ರೆಯ ಇಡೀ ವ್ಯವಸ್ಥೆ ನಿಂತಿರುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಹೃದಯದ ವಿಷಯ. ಹರ್-2 ಹೃದಯದ ಸ್ನಾಯುಕೋಶಗಳಿಗೂ ಬೇಕಾದ ಪ್ರೋಟೀನು, ಅದನ್ನು ತಡೆದಾಗ ಕೆಲವರಲ್ಲಿ ಹೃದಯದ ಪಂಪಿಂಗ್ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಚಿಕಿತ್ಸೆಗೆ ಮೊದಲು ಒಮ್ಮೆ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಬೇಕು. ವರದಿಯಲ್ಲಿ ಇಎಫ್ ಎಂದು ಒಂದು ಅಂಕಿ ಇರುತ್ತದೆ, ಹೃದಯ ಪ್ರತಿ ಬಡಿತಕ್ಕೆ ತನ್ನಲ್ಲಿನ ರಕ್ತದ ಶೇಕಡಾ ಎಷ್ಟನ್ನು ಹೊರತಳ್ಳುತ್ತದೆ ಎಂಬುದರ ಅಳತೆ ಅದು. ‘ನಾರ್ಮಲ್’ ಎಂಬ ಪದದಿಂದ ತೃಪ್ತರಾಗದೆ ಆ ಅಂಕಿಯನ್ನೇ ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ, ಏಕೆಂದರೆ ವೈದ್ಯರಿಗೆ ಬೇಕಾಗಿರುವುದು ಇಂದಿನ ಅಂಕಿಯಷ್ಟೇ ಅಲ್ಲ, ಮೊದಲಿನದಕ್ಕಿಂತ ಅದು ಎಷ್ಟು ಇಳಿದಿದೆ ಎಂಬುದೂ. 50ಕ್ಕಿಂತ ಕೆಳಗಿಳಿದು, ಮೊದಲಿನದಕ್ಕಿಂತ 10 ಅಂಕವೋ ಹೆಚ್ಚೋ ಕುಸಿದಿದ್ದರೆ ಸಾಮಾನ್ಯವಾಗಿ ಕೆಲವು ವಾರ ಔಷಧಿಯನ್ನು ತಡೆಹಿಡಿದು ಮತ್ತೆ ಎಕೋ ಮಾಡಿಸುತ್ತಾರೆ. ಹೆಚ್ಚಿನವರಲ್ಲಿ ಅದು ಚೇತರಿಸಿಕೊಳ್ಳುತ್ತದೆ. ಎಕೋವನ್ನು ಹಾಸನದಲ್ಲೇ ಮಾಡಿಸಬಹುದು, ಸಾಧ್ಯವಾದಷ್ಟೂ ಒಂದೇ ಕಡೆ ಮಾಡಿಸಿ. ನಡುವೆ ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಿದರೆ ಉಸಿರು ಕಟ್ಟುವುದು, ಪಾದದ ಊತ, ಕೆಲವೇ ದಿನಗಳಲ್ಲಿ ತೂಕ ಏರುವುದು ಕಂಡರೆ ಮುಂದಿನ ಇಂಜೆಕ್ಷನ್ನಿನ ದಿನದವರೆಗೆ ಕಾಯಬೇಡಿ. ನಮ್ಮ ಹೆಂಗಸರು ಇಂಥದ್ದನ್ನೆಲ್ಲ ‘ವಾಯು ಇರಬೇಕು, ನಿಶ್ಶಕ್ತಿ ಇರಬೇಕು’ ಎಂದು ಕಷಾಯ ಕುಡಿದು ಸುಮ್ಮನಾಗುತ್ತಾರೆ. ಮನೆಯವರು ಹಾಗೆ ಬಿಡಬಾರದು.

ಇನ್ನು ಔಷಧಿಯನ್ನು ತರುವ ವಿಚಾರ. ಇದು ಪ್ರೋಟೀನು, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು, ಹೆಪ್ಪುಗಟ್ಟಬಾರದು, ಕುಲುಕಬಾರದು. ಥರ್ಮಾಸಿನಲ್ಲಿ ಐಸ್ ತುಂಬಿ ಅದರ ಮೇಲೆ ನೇರವಾಗಿ ವಯಲ್ ಇಟ್ಟುಕೊಂಡು ಬಸ್ಸಿನಲ್ಲಿ ಬರುವವರಿದ್ದಾರೆ. ಹೀಗೆ ಹೆಪ್ಪುಗಟ್ಟಿದ ಔಷಧಿ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಕಂಡರೂ ಅದನ್ನು ಬಳಸುವಂತಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟನ್ನು ನಂಬಿ ಮನೆಯ ಫ್ರಿಜ್ಜಿನಲ್ಲಿಡುವುದೂ ಬೇಡ. 440 ಮಿಲಿಗ್ರಾಂನ ವಯಲಿನಲ್ಲಿ 330 ಬಳಸಿದ ಮೇಲೆ ಉಳಿದದ್ದನ್ನು ಎಸೆಯಲು ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಜೊತೆಗೆ ಬರುವ ವಿಶೇಷ ನೀರಿನಲ್ಲಿ ಕರಗಿಸಿದ್ದರೆ ಅದನ್ನು 28 ದಿನಗಳವರೆಗೆ ಇಡಬಹುದಾದರೂ, ಆ ಕೆಲಸ ಆಸ್ಪತ್ರೆಯ ಫಾರ್ಮಸಿಯದು. ಔಷಧಿಯನ್ನು ಆಸ್ಪತ್ರೆಯೇ ತರಿಸಲಿ ಎನ್ನುವುದು ನನ್ನ ಖಚಿತ ಸಲಹೆ.

ಬೆಲೆಯ ಬಗ್ಗೆ ಒಂದೇ ಮಾತು. ಬೆಂಗಳೂರಿನ ಬಯೋಕಾನ್ 2014ರಲ್ಲಿ ಕ್ಯಾನ್‌ಮ್ಯಾಬ್ ಹೆಸರಿನಲ್ಲಿ ಬಯೋಸಿಮಿಲರ್, ಅಂದರೆ ಮೂಲ ಔಷಧಿಯನ್ನು ಹೋಲುವಂತೆ ಬೇರೆ ಕಂಪನಿ ತಯಾರಿಸಿದ ಔಷಧಿ, ತಂದಂದಿನಿಂದ ಅಗ್ಗದ ಆಯ್ಕೆಗಳು ಬಂದಿವೆ, ಅವು ನಕಲಿಯಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಯಾವ ರೂಪದ ಔಷಧಿ ಯೋಜನೆಯಡಿ ಸಿಗುತ್ತದೆಂದು ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡಲು ಇರುವ ಆರೋಗ್ಯಮಿತ್ರರನ್ನು ಮೊದಲೇ ಕೇಳಬೇಕು.

ಶಸ್ತ್ರಚಿಕಿತ್ಸೆಯಾದವರಿಗೆ ಒಟ್ಟು ಅವಧಿ ಸಾಮಾನ್ಯವಾಗಿ ಒಂದು ವರ್ಷ. ಹೀರಾ ಎಂಬ ದೊಡ್ಡ ಅಧ್ಯಯನದಲ್ಲಿ ಎರಡು ವರ್ಷ ಕೊಟ್ಟರೂ ಹೆಚ್ಚಿನ ಲಾಭ ಕಾಣಲಿಲ್ಲ. ಆ ವರ್ಷದೊಳಗೆ ನಮ್ಮ ಕಡೆ ಕಾಫಿ ಕೊಯ್ಲು ಬರುತ್ತದೆ, ಮದುವೆಗಳು ಬರುತ್ತವೆ, ಮಂಗಳೂರಿಗೆ ಹೋಗುವವರಿಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ. ಒಂದೆರಡು ದಿನ ತಡವಾದರೆ ಗಾಬರಿ ಬೇಡ. ಆದರೆ ಡ್ರಿಪ್ಪಿನ ರೂಪ ನಿಗದಿತ ದಿನಕ್ಕಿಂತ ಒಂದು ವಾರಕ್ಕೂ ಹೆಚ್ಚು ತಡವಾದರೆ, ಫೆಸ್ಗೋದಲ್ಲಿ ಎರಡು ಇಂಜೆಕ್ಷನ್ನುಗಳ ನಡುವೆ ಆರು ವಾರವೋ ಹೆಚ್ಚೋ ಕಳೆದರೆ, ಮೊದಲ ಸಲದ ದೊಡ್ಡ ಪ್ರಮಾಣವನ್ನೇ ಮತ್ತೆ ಕೊಡಬೇಕಾಗುತ್ತದೆ. ಚರ್ಮದಡಿಯ ಟ್ರಾಸ್ಟುಜುಮಾಬ್ ಒಂದಕ್ಕೆ ಈ ತಾಪತ್ರಯವಿಲ್ಲ.

ಹಾಗಾದರೆ ಹಾಸನಕ್ಕೆ ಬದಲಾಯಿಸಿಕೊಳ್ಳುವುದು ಹೇಗೆ? ಮೊದಲ ಒಂದೆರಡು ಸುತ್ತನ್ನು ಚಿಕಿತ್ಸೆ ಆರಂಭಿಸಿದ ಆಸ್ಪತ್ರೆಯಲ್ಲೇ ಮುಗಿಸಿ. ಆಮೇಲೆ ತಜ್ಞರಿಂದ ಪತ್ರ ಕೇಳಿ. ಅದರಲ್ಲಿ ಔಷಧಿಯ ಪೂರ್ಣ ಹೆಸರು, ರೂಪ, ಪ್ರಮಾಣ, ಎಷ್ಟನೆಯ ಸುತ್ತು, ಕೊನೆಯ ದಿನಾಂಕ, ಕಳೆದ ಸಲ ಯಾವ ತೊಡೆಗೆ ಕೊಟ್ಟದ್ದು, ಎಕೋ ಅಂಕಿಗಳು, ಆದ ತೊಂದರೆಗಳು ಇರಬೇಕು. ತೊಡೆಗಳನ್ನು ಸರದಿಯಂತೆ ಬದಲಿಸಿ, ಹಳೆಯ ಜಾಗದಿಂದ ಕನಿಷ್ಠ 2.5 ಸೆಂಟಿಮೀಟರ್ ದೂರದಲ್ಲಿ ಕೊಡಬೇಕಾದ್ದರಿಂದ ಆ ವಿವರವೂ ಮುಖ್ಯ. ಜೊತೆಗೆ ಕೀಮೋ ನಡೆಯುತ್ತಿರುವವರು 100.4 ಫ್ಯಾರನ್‌ಹೀಟ್ ಮುಟ್ಟಿದ ಜ್ವರಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಪರ್ಟುಜುಮಾಬ್ ಇರುವವರು ಭೇದಿಯನ್ನು ನಿರ್ಲಕ್ಷಿಸಬಾರದು. ಮಕ್ಕಳಾಗುವ ವಯಸ್ಸಿನವರಿಗೆ ನಾಚಿಕೆಯಿಂದ ಯಾರೂ ಹೇಳದ ಇನ್ನೊಂದು ಸಂಗತಿಯಿದೆ: ಈ ಔಷಧಿ ಗರ್ಭದ ನೀರನ್ನು ಕಡಿಮೆ ಮಾಡಿ ಮಗುವಿಗೆ ಹಾನಿ ಮಾಡಬಲ್ಲದು, ಆದ್ದರಿಂದ ಚಿಕಿತ್ಸೆಯ ಉದ್ದಕ್ಕೂ ಮತ್ತು ಕೊನೆಯ ಇಂಜೆಕ್ಷನ್ನಿನ ನಂತರ ಏಳು ತಿಂಗಳವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು, ಅದಕ್ಕೆ ಯಾವ ವಿಧಾನ ಸೂಕ್ತ ಎಂಬುದನ್ನು ಹಾರ್ಮೋನಿನ ಮಾತ್ರೆಗಳನ್ನು ತಾವಾಗಿಯೇ ಕೊಂಡು ನುಂಗದೆ ಅದೇ ತಜ್ಞರನ್ನು ಕೇಳಬೇಕು.