ಮಲ್ಯ ಯಾವಾಗ ಬರ್ತಾರೆ ಅಂತ ನನ್ನನ್ನು ಕೇಳಬೇಡಿ

ನಾನು ವಕೀಲ, ನಿಜ. ಆದರೆ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಆಸ್ತಿ ಪಾಲಿನ ಕೇಸು ನಡೆಸುವವನು. ಬ್ಯಾಂಕ್ ಸಾಲ ವಂಚನೆಯ ಆರೋಪ ಹೊತ್ತ ಉದ್ಯಮಿ ವಿಜಯ್ ಮಲ್ಯರನ್ನು ಲಂಡನ್ನಿನಿಂದ ಕರೆತರುವ ಕೆಲಸ ನನ್ನದಲ್ಲ.

ಮೊನ್ನೆ ಮದುವೆ ಊಟದಲ್ಲಿ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ದೊಡ್ಡಪ್ಪ ಕೇಳಿದರು, "ಏನಪ್ಪಾ ಲಾಯರು, ಮಲ್ಯನ ಗಡೀಪಾರು ಯಾವಾಗ?"

"ಗಡೀಪಾರು ಅಲ್ಲ ದೊಡ್ಡಪ್ಪ. ಅದು ರೌಡಿಗಳನ್ನ ಜಿಲ್ಲೆಯಿಂದ ಆಚೆ ಹಾಕೋದು. ಇದು ಹಸ್ತಾಂತರ, ಒಂದು ದೇಶ ಆರೋಪೀನ ಇನ್ನೊಂದು ದೇಶಕ್ಕೆ ಒಪ್ಪಿಸೋದು."

"ಏನೋ ಒಂದು. ವಿಮಾನ ಹತ್ತಿಸಿ ಕರ್ಕೊಂಡು ಬರೋಕೆ ಇಷ್ಟು ವರ್ಷ ಬೇಕಾ?"

ಬೇಕು. ಮಲ್ಯ ಹೋಗಿದ್ದು 2016ರ ಮಾರ್ಚ್ 2ಕ್ಕೆ. ನಾವು ಕೋರಿಕೆ ಕಳಿಸಿದ್ದು 2017ರ ಫೆಬ್ರವರಿಯಲ್ಲಿ. ಏಪ್ರಿಲ್‌ನಲ್ಲಿ ಬಂಧನ, ಅದೇ ದಿನ ಜಾಮೀನು. ಭಾರತ ಬರೀ ವಾರಂಟ್ ತೋರಿಸಿದರೆ ಬ್ರಿಟನ್ನಿನಲ್ಲಿ ನಡೆಯಲ್ಲ. ಮೇಲ್ನೋಟಕ್ಕಾದರೂ ಕೇಸು ನಿಲ್ಲುವಷ್ಟು ಸಾಕ್ಷ್ಯ ಬೇಕು. ಮಾಡಿದ್ದು ಅಲ್ಲಿನ ಕಾನೂನಿನಲ್ಲೂ ಅಪರಾಧ ಆಗಿರಬೇಕು. ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ ಕೋರ್ಟು ಒಪ್ಪಿದ್ದು 2018ರ ಡಿಸೆಂಬರ್ 10ಕ್ಕೆ. ಎರಡು ತಿಂಗಳೊಳಗೆ ಅಲ್ಲಿನ ಗೃಹ ಸಚಿವರ ಸಹಿಯೂ ಬಿತ್ತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಮೇಲ್ಮನವಿ ವಜಾ ಮಾಡಿತು. ಮೇ 14ಕ್ಕೆ ಸುಪ್ರೀಂ ಕೋರ್ಟಿಗೆ ಹೋಗುವ ದಾರಿಯೂ ಮುಚ್ಚಿತು. ಇನ್ನು 28 ದಿನದಲ್ಲಿ ಕಳಿಸಬೇಕು, ಅಷ್ಟೇ. ಆಗ ಬ್ರಿಟನ್ ಸರ್ಕಾರ "ಇನ್ನೊಂದು ಕಾನೂನು ವಿಚಾರ ಬಾಕಿಯಿದೆ, ಏನು ಅಂತ ಹೇಳೋ ಹಾಗಿಲ್ಲ" ಎಂದುಬಿಟ್ಟಿತು. ಅವರೇ ಹೇಳದ್ದನ್ನು ನಾನು ಹೋಳಿಗೆ ತಿನ್ನುತ್ತಾ ಹೇಳಬೇಕಂತೆ.

ಅಂದಹಾಗೆ, ದೊಡ್ಡಪ್ಪನ ತೋಟದ ಪಾಲಿನ ಕೇಸಿಗೆ ಹದಿನಾಲ್ಕು ವರ್ಷ ತುಂಬಿದೆ. ಜಾಸ್ತಿ ವಾಯಿದೆ ಕೇಳಿದ್ದು ಅವರೇ.

ಅದರ ಬದಲು ಜೈಲಿನ ವಿಡಿಯೊ ಬಗ್ಗೆ ಕೇಳಿದ್ದರೆ ಖುಷಿಯಾಗಿ ಹೇಳುತ್ತಿದ್ದೆ. 2018ರ ಜುಲೈನಲ್ಲಿ ಲಂಡನ್ನಿನ ನ್ಯಾಯಾಧೀಶೆ, ಮಲ್ಯರನ್ನು ಇಡಲಿರುವ ಮುಂಬೈನ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿನ ವಿಡಿಯೊ ತರಿಸಿ ಎಂದರು. ಮಧ್ಯಾಹ್ನವೇ ತೆಗೆಯಬೇಕು, ಕಿಟಕಿಯಿಂದ ಬೆಳಕು ಬರುವುದು ಕಾಣಬೇಕು. ನಮ್ಮವರು ತೆಗೆದು ಕಳಿಸಿದರು. ನೋಡಿದ ಆಕೆ, ಬ್ಯಾರಕ್ಕನ್ನು ಇತ್ತೀಚೆಗೆ ಸಿಂಗರಿಸಿದ್ದಾರೆ ಎಂದು ತೀರ್ಪಿನಲ್ಲೇ ಬರೆದರು! ಅದೇ ಜೈಲಿನ ಬೇರೆ ಬ್ಯಾರಕ್ಕುಗಳಲ್ಲಿ, ವಿಚಾರಣೆಯೇ ಮುಗಿಯದ ಜನ ಒತ್ತೊತ್ತಾಗಿ ಮಲಗುತ್ತಾರೆ. ಅವರ ಕಿಟಕಿ ಹೇಗಿದೆ ಅಂತ ನನ್ನನ್ನು ಇದುವರೆಗೆ ಒಬ್ಬರೂ ಕೇಳಿಲ್ಲ.

ಇದನ್ನೆಲ್ಲ ದೊಡ್ಡಪ್ಪನಿಗೂ ಹೇಳಿದೆ. ಗಮನವಿಟ್ಟೇ ಕೇಳಿದರು.

"ಸುಣ್ಣ ಹೊಡೆಸಿದ್ದು ಯಾರ ದುಡ್ಡಲ್ಲಿ?" ಎಂದರು. ಅಷ್ಟರಲ್ಲಿ ಮಜ್ಜಿಗೆ ಬಂತು.