ವಿಜಯಪುರದಿಂದ ಬಾದಾಮಿಗೆ ಸೈಕಲ್ ಮೇಲೆ: ನಸುಕಿನ ಥಂಡಿಗೆ ತೆಳು ಉಣ್ಣೆ

ವಿಜಯಪುರ, ಮುಳವಾಡ, ಕೊಲ್ಹಾರ, ಅನಗವಾಡಿ, ಗದ್ದನಕೇರಿ ಕ್ರಾಸ್, ಕೆರೂರು, ಬಾದಾಮಿ. ಹೆದ್ದಾರಿ 52 ಹಿಡಿದು ದಕ್ಷಿಣಕ್ಕೆ ಕೆರೂರಿನವರೆಗೆ ಬಂದು ಎಡಕ್ಕೆ ಹೊರಳಿದರೆ ಆಯಿತು. ಒಟ್ಟು 120ರಿಂದ 130 ಕಿ.ಮೀ. ಘಾಟಿಲ್ಲ, ದಾರಿ ತಪ್ಪುವ ಹೆದರಿಕೆಯಿಲ್ಲ. ದಿನಕ್ಕೆ 80 ಕಿ.ಮೀ. ತುಳಿದು ರೂಢಿಯಿದ್ದವರು ಒಂದೇ ದಿನದಲ್ಲಿ ಮುಗಿಸಬಹುದು. ಇಲ್ಲದವರು ಬಾಗಲಕೋಟೆಯ ನವನಗರದಲ್ಲಿ ರಾತ್ರಿ ಉಳಿದು ಮರುದಿನ ಮುಂದೆ ಹೋಗಲಿ. ಈ ದಾರಿಗೆ ಒಳ್ಳೆಯ ಕಾಲ ಡಿಸೆಂಬರ್, ಜನವರಿ. ಆ ಎರಡು ತಿಂಗಳಲ್ಲಿ ಹೊರಟವರು ಎಡವುವುದು ಬಟ್ಟೆಯ ವಿಷಯದಲ್ಲಿ. ನಸುಕಿನ ಥಂಡಿಗೆ ಹೆದರಿ ಮನೆಯಲ್ಲಿದ್ದ ದಪ್ಪ ಸ್ವೆಟರನ್ನೆಲ್ಲ ಏರಿಸಿಕೊಂಡು ಹೊರಡುತ್ತಾರೆ. ಮುಳವಾಡಕ್ಕೂ ಮೊದಲು ಸಿಗುವ ಜುಮನಾಳ ದಾಟುವುದರೊಳಗೆ ಬೆನ್ನು ತೊಯ್ದಿರುತ್ತದೆ. ಕೊಲ್ಹಾರದ ಕೃಷ್ಣಾ ಸೇತುವೆಗೆ ಬಂದಾಗ ಅದೇ ಬೆವರು ಹಲ್ಲು ಕಟಕಟ ಅನ್ನಿಸುತ್ತದೆ.

ಇಲ್ಲಿಯ ಚಳಿಯ ಸ್ವಭಾವವೇ ಬೇರೆ. ಬೆಳಗಾವಿಯಲ್ಲಿ ಇಬ್ಬನಿ ಬಿದ್ದ ಹಸಿ ಥಂಡಿ, ಬಿಸಿಲು ಬಂದರೂ ಒಂದಿಷ್ಟು ಹೊತ್ತು ಬಿಡುವುದಿಲ್ಲ. ವಿಜಯಪುರದ್ದು ಒಣ ಥಂಡಿ. ನಸುಕಿನಲ್ಲಿ 12 ಡಿಗ್ರಿ, ಕೆಲವು ದಿನ ಅದಕ್ಕೂ ಕೆಳಗೆ. ಮಧ್ಯಾಹ್ನ 30ರ ಹತ್ತಿರ. ಅಂದರೆ ಚಳಿಯ ಆಟ ನಾಲ್ಕು ತಾಸಿನದು. ಇನ್ನೊಂದು ಮಾತು: ದಿನದಲ್ಲಿ ಅತಿ ಹೆಚ್ಚು ಥಂಡಿ ಇರುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ. ಜನವರಿಯಲ್ಲಿ ಅದು 7ರ ಆಸುಪಾಸು. 5:30ಕ್ಕೆ ಹೊರಟರೆ ಆ ಹೊತ್ತಿಗೆ ನೀವು ಮುಳವಾಡದ ಹತ್ತಿರ, ಬೆವತ ಮೈಯಲ್ಲಿ ಇರುತ್ತೀರಿ. ವಿಜಯಪುರ ಸಮುದ್ರಮಟ್ಟದಿಂದ 600 ಮೀಟರಿನಷ್ಟು ಮೇಲಿದೆ, ಕೊಲ್ಹಾರದವರೆಗೆ ಹಿನ್ನೀರು ಚಾಚುವ ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ 519.60 ಮೀಟರ್. ಥಂಡಿ ಗಾಳಿ ಭಾರ, ತಗ್ಗಿಗೆ ಇಳಿದು ಕೂಡುತ್ತದೆ. ಹೊಳೆಯ ಕಡೆ ಇಳಿದಷ್ಟೂ ಅದರೊಳಕ್ಕೇ ಹೋಗುತ್ತೀರಿ.

ಆದ್ದರಿಂದ ಬೇಕಾದದ್ದು ತೆಳು ಉಣ್ಣೆ, ಎರಡು ಪದರ, ಸೈಕಲ್ಲಿನಿಂದ ಇಳಿದು ಅರ್ಧ ನಿಮಿಷದಲ್ಲಿ ಕಳಚುವಂಥದ್ದು. ಮೈಗೆ ಅಂಟಿಕೊಂಡಿರುವ ಮೊದಲ ಪದರ ಮೆರಿನೊ ಅನ್ನುವ ಕುರಿಯ ನಯವಾದ ಉಣ್ಣೆಯದಾಗಿರಲಿ, ಬಟ್ಟೆಯ ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಲೆಕ್ಕದಲ್ಲಿ 150ರಿಂದ 180 ಜಿಎಸ್‌ಎಂ ಸಾಕು. 200ರ ಮೇಲಿನದು ನಮ್ಮ ಕಡೆಗೆ ಹೆಚ್ಚಾಯಿತು. ಅದರ ಮೇಲೆ ಹಳೇ ಕಾಲದ ಮಾಸ್ತರರು ತೊಡುತ್ತಿದ್ದ ತೋಳಿಲ್ಲದ ಸ್ವೆಟರ್. ನಗುವವರು ನಗಲಿ, ಸೈಕಲ್ಲಿಗೆ ಅದಕ್ಕಿಂತ ಒಳ್ಳೆಯ ಉಡುಪು ಸಿಗುವುದು ಕಷ್ಟ: ಎದೆ, ಬೆನ್ನು ಬೆಚ್ಚಗೆ, ಕಂಕುಳು ತೆರೆದು ಗಾಳಿಯಾಡುತ್ತದೆ. ಮೂರನೆಯದು ಮುಷ್ಟಿಯಲ್ಲಿ ಹಿಡಿಯುವಷ್ಟು ತೆಳ್ಳಗಿನ ವಿಂಡ್‌ಚೀಟರ್. ಅದು ಚೀಲದಲ್ಲಿರಲಿ, ಮೈಮೇಲೆ ಬೇಡ. ಉಣ್ಣೆಗೆ ಇರುವ ಒಂದೇ ದೊಡ್ಡ ಕೊರತೆಯೆಂದರೆ ಗಾಳಿಯನ್ನು ತಡೆಯುವುದಿಲ್ಲ. ಇಳುಕಲಿಗೆ, ಸೇತುವೆಗೆ ಮಾತ್ರ ಆ ಪ್ಲಾಸ್ಟಿಕ್ ಅಂಗಿ. ಅದೂ ಇಲ್ಲದಿದ್ದರೆ ಚಹಾದ ಅಂಗಡಿಯಿಂದ ನಿನ್ನೆಯ ಪೇಪರಿನ ಎರಡು ಹಾಳೆ ಕೇಳಿ ತಂದು ಸ್ವೆಟರಿನೊಳಗೆ ಎದೆಯ ಮೇಲೆ ಹಾಸಿಕೊಳ್ಳಿ. ಸೇತುವೆ ದಾಟುವವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಎಲ್ಲಕ್ಕಿಂತ ಮುಖ್ಯ, ಒಳಗೆ ಹತ್ತಿಯ ಬನೀನು ಬೇಡ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಂಡು ಹಸಿ ಅರಿವೆಯಂತೆ ಮೈಗೆ ಅಂಟುತ್ತದೆ. ಮೇಲೆ ಎಂಥ ಉಣ್ಣೆ ಹಾಕಿದರೂ ವ್ಯರ್ಥ. ಉಣ್ಣೆಯ ಎಳೆ ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಆವಿಯ ರೂಪದಲ್ಲೇ ಒಳಗೆ ಎಳೆದುಕೊಳ್ಳಬಲ್ಲದು, ಆಗಲೂ ಮುಟ್ಟಿದರೆ ಹಸಿ ಅನ್ನಿಸುವುದಿಲ್ಲ. ಎಳೆದುಕೊಳ್ಳುವಾಗ ತುಸು ಶಾಖವನ್ನೂ ಬಿಡುತ್ತದೆ. ವಾಸನೆಯೂ ಬೇಗ ಹಿಡಿಯುವುದಿಲ್ಲ. ಎರಡು ದಿನದ ಪ್ರವಾಸಕ್ಕೆ ಒಂದೇ ಅಂಗಿ ನಡೆಯುತ್ತದೆ.

ಮೆರಿನೊ ತುಟ್ಟಿ. ಅದಕ್ಕೇ ಪೇಟೆಯಲ್ಲಿ 'ವೂಲನ್' ಅಂದದ್ದನ್ನೆಲ್ಲ ನಂಬಬೇಡಿ. ಚಳಿಗಾಲದಲ್ಲಿ ರಸ್ತೆ ಬದಿ ತೂಗುಹಾಕಿದ ಸ್ವೆಟರುಗಳಲ್ಲಿ ಬಹುಪಾಲು ಅಕ್ರಿಲಿಕ್. ಪರೀಕ್ಷೆ ಸುಲಭ. ಒಳಮಗ್ಗುಲಿನ ಹೊಲಿಗೆಯಿಂದ ಎರಡು ಇಂಚು ದಾರ ಎಳೆದು, ಚಿಮಟದಲ್ಲಿ ಹಿಡಿದು, ಬಯಲಲ್ಲಿ ಕಡ್ಡಿ ಗೀರಿ ಹಚ್ಚಿ. ಉಣ್ಣೆಯಾದರೆ ಚುರುಗುಟ್ಟಿ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಉಜ್ಜಿದರೆ ಪುಡಿ. ಅಕ್ರಿಲಿಕ್ ಆದರೆ ಕರಗಿ ತೊಟ್ಟಿಕ್ಕಿ, ಆರಿದ ಮೇಲೆ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಸಾಸಿವೆ ಕಾಳಿನಷ್ಟು ಆ ಮಣಿ ಉಗುರಿಗೂ ಒಡೆಯುವುದಿಲ್ಲ. ಎರಡೂ ಲಕ್ಷಣ ಕೂಡಿ ಕಂಡರೆ ಅದು ಬೆರಕೆ ನೂಲು. ಮೇಲಿನ ಪದರಕ್ಕೆ ಬೆರಕೆ ನಡೆದೀತು, ಮೈಗೆ ಹತ್ತುವುದಕ್ಕೆ ಬೇಡ.

ನಮ್ಮ ಕುರುಬರ ಕಂಬಳಿ ಇದೆಯಲ್ಲ ಅಂತ ಕೇಳುವವರಿದ್ದಾರೆ. ಕಂಬಳಿ ಅಪ್ಪಟ ಉಣ್ಣೆ, ಸಂಶಯವಿಲ್ಲ. ಆದರೆ ಡೆಕ್ಕನಿ ಕುರಿಯ ಎಳೆ ಒರಟು. ಮೆರಿನೊ ಎಳೆಯ ದಪ್ಪ 17ರಿಂದ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). 30 ಮೈಕ್ರಾನ್ ದಾಟಿದ ಎಳೆಯ ತುದಿ ಬಾಗದೆ ಚರ್ಮಕ್ಕೆ ಚುಚ್ಚುತ್ತದೆ. ಅದು ಅಲರ್ಜಿಯಲ್ಲ, ಬರೀ ಚುಚ್ಚುವಿಕೆ. ಮೇಲಾಗಿ ನೇಯುವಾಗ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವುದರಿಂದ ಹೊಸ ಕಂಬಳಿ ಹಲಗೆಯಂತೆ ಸೆಟೆದಿರುತ್ತದೆ. ಹೊದೆಯಲು, ಹಾಸಲು, ಮಳೆಯಲ್ಲಿ ಕೊಪ್ಪೆ ಹಾಕಿಕೊಳ್ಳಲು ಅದರ ಸಮ ಇಲ್ಲ. ಸೈಕಲ್ ಮೇಲೆ ಹೆಗಲಿಗೆ ಹಾಕಿಕೊಂಡರೆ ಚುಂಗು ಹಿಂದಿನ ಗಾಲಿಗೆ ಸಿಕ್ಕುತ್ತದೆ. ಹರಿದ ಕಂಬಳಿಯ ತುಂಡಿಗೆ ಮಾತ್ರ ಒಂದು ಒಳ್ಳೆಯ ಉಪಯೋಗವಿದೆ: ಬೂಟಿನೊಳಗಿನ ಅಟ್ಟೆಯ ಅಳತೆಗೆ ಕತ್ತರಿಸಿ ಹಾಸಿ. ಹಾಸಿದ ಮೇಲೆ ಬೂಟು ಬಿಗಿಯಾದರೆ ಕೂಡಲೇ ತೆಗೆಯಿರಿ. ಬಿಗಿ ಬೂಟಿನಲ್ಲಿ ರಕ್ತ ಹರಿಯದೆ ಬೆರಳು ಇನ್ನಷ್ಟು ಥಂಡಿಯಾಗುತ್ತದೆ. ಎರಡು ಜೋಡಿ ಕಾಲುಚೀಲ ಹಾಕುವವರ ತಪ್ಪೂ ಇದೇ.

ಮೊಣಕಾಲಿಗೆ ಹೊದಿಕೆ ಬೇಕೇ ಬೇಕು. 15 ಡಿಗ್ರಿಗಿಂತ ಕೆಳಗೆ ಮೊಣಕಾಲು ಮುಚ್ಚದೆ ತುಳಿದರೆ ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಹಿಡಿಯುತ್ತದೆ. ಇದಕ್ಕೆ ದುಡ್ಡು ಹಾಕುವ ಅಗತ್ಯವಿಲ್ಲ. ನುಸಿ ತಿಂದು ಮೈ ಹಾಳಾದ ಹಳೇ ಉಣ್ಣೆ ಸ್ವೆಟರಿನ ಎರಡು ತೋಳು ಸಾಕು. ಕಂಕುಳ ಹೊಲಿಗೆಗೆ ಒಂದು ಇಂಚು ಈಚೆ ಕತ್ತರಿಸಿ. ಕತ್ತರಿಸಿದ ತಕ್ಷಣ ಅಂಚಿಗೆ ಓವರ್‌ಲಾಕ್ ಹಾಕಿಸಿ, ಇಲ್ಲವೆ ಕೈಯಲ್ಲೇ ಒತ್ತೊತ್ತಾಗಿ ಹೊಲಿಯಿರಿ. ತಡ ಮಾಡಿದರೆ ಹೆಣಿಗೆಯ ಕಣ್ಣು ಒಂದೊಂದೇ ಬಿಚ್ಚಿಕೊಂಡು ಮೊಣಕೈವರೆಗೂ ಓಡುತ್ತವೆ. ಅಗಲ ಬಾಯಿಯನ್ನು ಒಂದು ಇಂಚು ಒಳಕ್ಕೆ ಮಡಿಚಿ ಹೊಲಿದು, ಅದರೊಳಗೆ ಮುಕ್ಕಾಲು ಇಂಚಿನ ಎಲಾಸ್ಟಿಕ್ ತೂರಿಸಿ. ಎಲಾಸ್ಟಿಕ್‌ನ ಉದ್ದ ತೊಡೆಯ ಸುತ್ತಳತೆಗಿಂತ ಎರಡು ಇಂಚು ಕಡಿಮೆ. ಅದಕ್ಕಿಂತ ಬಿಗಿಯಾದರೆ ತೊಡೆಗೆ ಬರೆ ಬೀಳುತ್ತದೆ, ಸಡಿಲಾದರೆ ಪ್ರತಿ ಕಿಲೋಮೀಟರಿಗೆ ಜಾರುತ್ತದೆ. ಅಗಲದ ಬಾಯಿ ನಡುತೊಡೆಗೆ, ಮುಂಗೈಯ ಪಟ್ಟಿ ಮೀನಖಂಡದ ಕೆಳಗೆ ಬರಬೇಕು. ಎಡ ಬಲ ಗುರುತಿಗೆ ಬಣ್ಣದ ದಾರ ಹಾಕಿ. ಬಲಗಾಲಿನದು ಸಡಿಲವಾಗಿ ಜೋತರೆ ಚೈನಿಗೆ ಸಿಕ್ಕುತ್ತದೆ. ಬೂಟು ಬಿಚ್ಚದೆ ಕಳಚಿ ಜೇಬಿಗೆ ಹಾಕಿಕೊಳ್ಳಬಹುದು ಅನ್ನುವುದು ಇದರ ದೊಡ್ಡ ಗುಣ.

ತಲೆಗೆ ಮಂಕಿ ಕ್ಯಾಪ್ ಬೇಡ. ಹೆಲ್ಮೆಟ್ ಅದರ ಮೇಲೆ ಕೂಡುವುದಿಲ್ಲ, ಎತ್ತರಕ್ಕೆ ನಿಂತು ಬಿದ್ದಾಗ ಜಾರುತ್ತದೆ. ಕಿವಿ ಮುಚ್ಚುವ ತೆಳು ಉಣ್ಣೆ ಪಟ್ಟಿ ಸಾಕು. ಈ ದಿನಗಳಲ್ಲಿ ಗಾಳಿ ಹೆಚ್ಚಾಗಿ ಮೂಡಣದ್ದು. ದಕ್ಷಿಣಕ್ಕೆ ಹೊರಟವರ ಎಡಗಿವಿಗೆ ಬಡಿಯುತ್ತದೆ, ಪಟ್ಟಿಯನ್ನು ಆ ಕಡೆ ತುಸು ಕೆಳಗೆ ಎಳೆದುಕೊಳ್ಳಿ. ಮಫ್ಲರ್ ಹಾಕುವುದಾದರೆ ಎರಡೂ ತುದಿ ಸ್ವೆಟರಿನೊಳಗಿರಬೇಕು. ಉಣ್ಣೆಯ ಕೈಗವಸು ಬ್ರೇಕ್ ಹಿಡಿಕೆಯ ಮೇಲೆ ಜಾರುತ್ತದೆ. ಅದರ ಮೇಲೆ ಸೈಕಲ್ಲಿನ ಅರ್ಧಬೆರಳಿನ ಗ್ಲೌಸ್ ಏರಿಸಿದರೆ ಹಿಡಿತ ಸಿಗುತ್ತದೆ. ತುಟಿಗೆ ಬೆಣ್ಣೆಯೋ ವ್ಯಾಸಲೀನೋ, ಹೊರಡುವ ಮೊದಲೇ.

ಇನ್ನು ದಾರಿ. ಹೊರಡುವಾಗ ಸ್ವಲ್ಪ ನಡುಕ ಇರಬೇಕು. ಮನೆಯ ಬಾಗಿಲಲ್ಲೇ ಬೆಚ್ಚಗಿದ್ದರೆ ಒಂದು ಪದರ ಹೆಚ್ಚಾಗಿದೆ ಅಂತ ತಿಳಿಯಿರಿ. ಮೊದಲ ಹತ್ತು ನಿಮಿಷ ಮೆಲ್ಲಗೆ ತುಳಿಯಿರಿ. ಬೆನ್ನಿಗೆ ಕೈ ಹಾಕಿ ನೋಡಿ, ಜಿಗುಟು ಅನ್ನಿಸಿದರೆ ತೋಳಿಲ್ಲದ ಸ್ವೆಟರ್ ಕಳಚಿ. ಕಳಚಿದ್ದನ್ನು ಸೊಂಟಕ್ಕೆ ಕಟ್ಟಬೇಡಿ, ಅಂಚು ಜೋತು ಗಾಲಿಯ ಕಡ್ಡಿಗೆ ಸಿಕ್ಕುತ್ತದೆ. ಮುಳವಾಡದ ಹತ್ತಿರ ಚಹಾಕ್ಕೆ ನಿಂತಾಗ ಅದನ್ನೇ ಮತ್ತೆ ಹಾಕಿಕೊಳ್ಳಿ. ನಿಂತ ಐದು ನಿಮಿಷಕ್ಕೆ ಮೈ ಆರುತ್ತದೆ, ಥಂಡಿ ಹತ್ತುವುದು ಆಗಲೇ. 'ಭಾಳ ಥಂಡಿ ಐತ್ರಿ, ಇನ್ನೊಂದ್ ಕಪ್ ಕುಡೀರಿ' ಅಂತ ಅಂಗಡಿಯವರು ಅಂದರೆ ಕುಡಿಯಿರಿ, ಆದರೆ ನೀರನ್ನೂ ಕುಡಿಯಿರಿ. ಒಣ ಥಂಡಿಯಲ್ಲಿ ನೀರಡಿಕೆ ಗೊತ್ತಾಗುವುದಿಲ್ಲ, ತಲೆನೋವು ಬಂದ ಮೇಲೆ ಗೊತ್ತಾಗುತ್ತದೆ.

ಕೊಲ್ಹಾರದ ಸೇತುವೆ ಹತ್ತುವ ಮೊದಲು ನಿಂತು ವಿಂಡ್‌ಚೀಟರ್ ಹಾಕಿಕೊಳ್ಳಿ. ಸುಮಾರು ಮೂರು ಕಿಲೋಮೀಟರ್ ಎರಡೂ ಕಡೆ ಹಿನ್ನೀರು, ಗಾಳಿಗೆ ಅಡ್ಡ ಒಂದು ಗಿಡವೂ ಇಲ್ಲ. ದಾಟಿ ಕೊರ್ತಿ ಬಂದ ಕೂಡಲೆ ತೆಗೆಯಿರಿ. ಅದರೊಳಗೆ ಬೆವರು ಹೊರಹೋಗುವುದಿಲ್ಲ. ಕೊಲ್ಹಾರದ ಮೊಸರಿಗೆ ಹೆಸರಿದೆ, ಕೊಯ್ದರೆ ತುಂಡಾಗುವಷ್ಟು ಗಟ್ಟಿ. ಬೆಳಗ್ಗೆ ಮೈ ಆರಿದಾಗ ಅದನ್ನು ತಿನ್ನಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಬಿಟ್ಟು ಹೋದರೆ ಮಾತ್ರ ಆಮೇಲೆ ಹಳಹಳಿಸುತ್ತೀರಿ.

ಕೊರ್ತಿಯಿಂದ ಮುಂದೆ ಬೀಳಗಿ ಸೀಮೆಯಲ್ಲಿ ಕಬ್ಬಿನ ಹಂಗಾಮು. ಎರಡೆರಡು ಟ್ರಾಲಿ ಹೂಡಿದ ಟ್ರ್ಯಾಕ್ಟರುಗಳು, ಹಿಂದೆ ದೀಪವಿಲ್ಲದವೂ ಇರುತ್ತವೆ. ಕತ್ತಲಲ್ಲಿ ಕರಿ ಉಣ್ಣೆ ತೊಟ್ಟ ಸೈಕಲ್ ಸವಾರ ಯಾರಿಗೂ ಕಾಣುವುದಿಲ್ಲ. ಮೇಲೊಂದು ಹೊಳೆಯುವ ಪಟ್ಟಿಯ ಜಾಲರಿ ಜಾಕೆಟ್, ಹಿಂದೆ ಕೆಂಪು ದೀಪ, ಇವೆರಡು ಇಲ್ಲದೆ 7ರ ಒಳಗೆ ರಸ್ತೆಗೆ ಇಳಿಯಬೇಡಿ. ಟ್ರಾಲಿಯಿಂದ ಉದುರಿದ ಕಬ್ಬಿನ ಮೇಲೆ ಗಾಲಿ ಜಾರುತ್ತದೆ. ಊಟಕ್ಕೆಂದು ರಸ್ತೆ ಬಿಟ್ಟು ಗಿಡದ ನೆರಳಿಗೆ ಹೋದರೆ ಜಾಲಿಮುಳ್ಳು ಕಾದಿರುತ್ತದೆ, ಎರಡು ಟ್ಯೂಬ್ ಇರಲಿ.

ಅನಗವಾಡಿಯಲ್ಲಿ ಘಟಪ್ರಭಾ ದಾಟುವ ಹೊತ್ತಿಗೆ ಬಿಸಿಲೇರಿರುತ್ತದೆ. ಅಲ್ಲಿಗೆ ಉಣ್ಣೆಯ ಕೆಲಸ ಅರ್ಧ ಮುಗಿಯಿತು. ಮೊಣಕಾಲಿನದು, ಕಿವಿಯದು, ಸ್ವೆಟರ್ ಎಲ್ಲ ಚೀಲಕ್ಕೆ. ಒಳಗಿನ ಮೆರಿನೊ ಅಂಗಿ ಮಾತ್ರ ಇರಲಿ. 150 ಜಿಎಸ್‌ಎಂದು 28 ಡಿಗ್ರಿಯಲ್ಲೂ ಸಹಿಸಬಹುದು. ಹಸಿಯಾದ ಉಣ್ಣೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಇಡಬೇಡಿ. ಗದ್ದನಕೇರಿ ಕ್ರಾಸಿನಲ್ಲಿ ಊಟಕ್ಕೆ ಕುಳಿತಾಗ ಕ್ಯಾರಿಯರ್ ಮೇಲೆ ಹರವಿದರೆ ರೊಟ್ಟಿ ಮುಗಿಯುವುದರೊಳಗೆ ಒಣಗುತ್ತದೆ. ಕೆರೂರಿನಿಂದ ಬಾದಾಮಿಯವರೆಗಿನ 20 ಕಿ.ಮೀ. ಚಿಲ್ಲರೆ ಸಂಜೆಯೊಳಗೆ ಮುಗಿಸಿ.

ಬಾದಾಮಿಯ ಲಾಡ್ಜಿನಲ್ಲಿ ಬಟ್ಟೆ ಒಗೆಯುವಾಗ ಗೀಸರಿನ ಬಿಸಿನೀರು ಹಿಡಿದು ಉಣ್ಣೆ ಹಾಳುಮಾಡಿಕೊಂಡವರು ಬಹಳ. ಉಣ್ಣೆಯ ಎಳೆಗೆ ಮೀನಿನಂತೆ ಪೊರೆಗಳಿವೆ. ಬಿಸಿನೀರಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಹೆಣೆದುಕೊಂಡು ಅಂಗಿ ಮಗುವಿನ ಅಳತೆಗೆ ಬರುತ್ತದೆ, ಮತ್ತೆ ಹಿಗ್ಗುವುದಿಲ್ಲ. ಎಂಜೈಮ್ ಇರುವ ಸೋಪಿನ ಪುಡಿ ಎಳೆಯನ್ನೇ ತಿನ್ನುತ್ತದೆ. ತಣ್ಣೀರಿನ ಬಕೆಟ್ಟಿಗೆ ಅರ್ಧ ಸ್ಯಾಶೆ ಶಾಂಪೂ ಹಾಕಿ (ಉಣ್ಣೆಯೂ ಕೂದಲೇ ತಾನೆ), ಐದು ನಿಮಿಷ ನೆನೆಸಿ, ಒತ್ತಿ ತೆಗೆಯಿರಿ, ಹಿಂಡಬೇಡಿ. ಒಣ ಟವೆಲ್ ಮೇಲೆ ಹಾಸಿ, ಸುರುಳಿ ಸುತ್ತಿ, ಸುರುಳಿಯ ಮೇಲೆ ನಿಲ್ಲಿ. ನೀರೆಲ್ಲ ಟವೆಲ್ಲಿಗೆ ಹೋಗುತ್ತದೆ. ಆಮೇಲೆ ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಅಡ್ಡಕ್ಕೆ ಹರವಿದರೆ ನಸುಕಿಗೆ ಸಿದ್ಧ. ತಂತಿಗೆ ಜೋತು ಹಾಕಿದರೆ ಹಸಿ ಉಣ್ಣೆ ತನ್ನ ಭಾರಕ್ಕೆ ಮೊಣಕಾಲಿನವರೆಗೆ ಇಳಿಯುತ್ತದೆ. ಮಾಳಿಗೆಯ ಮೇಲಂತೂ ಬೇಡವೇ ಬೇಡ. ಬಾದಾಮಿಯ ಮಂಗಗಳಿಗೆ ಮೆರಿನೊ, ಅಕ್ರಿಲಿಕ್ ಭೇದವಿಲ್ಲ.

ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯ ಹೊತ್ತಿಗೆ ಹೋದರೆ ಬಾದಾಮಿಯಲ್ಲಿ ಕೋಣೆ ಸಿಗುವುದು ಕಷ್ಟ; ಸಂಕ್ರಾಂತಿಯ ಆಸುಪಾಸು ವಿಜಯಪುರದಲ್ಲೂ ಸಿದ್ಧೇಶ್ವರ ಜಾತ್ರೆಯ ಗದ್ದಲ. ತಿಥಿ ನೋಡಿಕೊಂಡು ದಿನ ಗೊತ್ತುಮಾಡಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮೇಲೆ ಉಣ್ಣೆಯನ್ನು ಒಗೆದೇ ಎತ್ತಿಡಿ. ನುಸಿಯ ಹುಳು ಮೊದಲು ತಿನ್ನುವುದು ಬೆವರಿನ ಕಲೆಯಿದ್ದ ಜಾಗವನ್ನು. ಒಣಗಿದ ಬೇವಿನ ಸೊಪ್ಪನ್ನೋ ಡಾಂಬರ ಗುಳಿಗೆಯನ್ನೋ ಅರಿವೆಯಲ್ಲಿ ಕಟ್ಟಿ ಜೊತೆಗಿಡಿ.

ಮರಳಿ ಬರಲು ರೈಲು ಒಳ್ಳೆಯದು. ಬಾದಾಮಿ ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರ. ಸೈಕಲ್ ಬ್ರೇಕ್‌ವ್ಯಾನಿಗೆ (ರೈಲಿನ ಸಾಮಾನಿನ ಡಬ್ಬಿಗೆ) ಹಾಕುವ ಬಗ್ಗೆ ಹಿಂದಿನ ದಿನವೇ ನಿಲ್ದಾಣದಲ್ಲಿ ವಿಚಾರಿಸಿ, ರೈಲು ಬರುವುದಕ್ಕೆ ಒಂದು ತಾಸು ಮೊದಲು ಹೋಗಿ. ಸೈಕಲ್ಲಿನ ಜೊತೆ ಚೀಲವನ್ನೂ ಒಪ್ಪಿಸುವಾಗ ಸ್ವೆಟರ್ ಮಾತ್ರ ತೆಗೆದು ಕೈಯಲ್ಲಿಟ್ಟುಕೊಳ್ಳಿ. ರಾತ್ರಿಯ ರೈಲಾದರೆ ಜನರಲ್ ಡಬ್ಬಿಯ ಕಿಟಕಿಗಳಲ್ಲಿ ಒಂದಾದರೂ ಪೂರ್ತಿ ಮುಚ್ಚುವುದಿಲ್ಲ, ನಿಮಗೆ ಸಿಗುವ ಜಾಗವೂ ಹೆಚ್ಚಾಗಿ ಅದರ ಪಕ್ಕದ್ದೇ.