ದೇವಳಾಲಿಯ ತಾಪ

ಯಾರಾದರೂ ವಿಪರೀತವಾಗಿ ವರ್ತಿಸಿದಾಗ ನಾವು ‘ಇವನಿಗೇನು ತಲೆ ಕೆಟ್ಟಿದೆಯೇ?’ ಎಂದು ಕೇಳುವ ಕಡೆ ಬ್ರಿಟನ್ನಿನ ಜನ ‘ಗಾನ್ ಡೂಲ್ಯಾಲಿ’ ಎನ್ನುವುದುಂಟು. ಮಕ್ಕಳ ತೊದಲಿನಂತೆ ಕೇಳಿಸುವ ಈ ಪದ ನಾಸಿಕದ ಬಳಿಯ ದೇವಳಾಲಿ ಎಂಬ ದಂಡುಪ್ರದೇಶದ ಹೆಸರು. ಹಿಂದೆ ಪೂರ್ಣ ನುಡಿಗಟ್ಟು ‘ಡೂಲ್ಯಾಲಿ ಟ್ಯಾಪ್’ ಎಂದಿತ್ತು. ಆ ಟ್ಯಾಪಿಗೂ ನಲ್ಲಿಗೂ ನಂಟಿಲ್ಲ, ಅದು ಮರಾಠಿಯಲ್ಲಿ ಜ್ವರಕ್ಕೆ ಹೇಳುವ ‘ತಾಪ್’.

ಹಡಗಿನಿಂದ ಮುಂಬಯಿಗೆ ಬಂದಿಳಿದ ಬ್ರಿಟಿಷ್ ಸೈನಿಕರನ್ನೂ, ಸೇವಾವಧಿ ಮುಗಿಸಿ ಊರಿಗೆ ಮರಳುವವರನ್ನೂ ಕೆಲಕಾಲ ಇರಿಸುವುದಕ್ಕೆಂದು 1861ರಲ್ಲಿ ದೇವಳಾಲಿಯಲ್ಲಿ ಶಿಬಿರವೊಂದು ಆರಂಭವಾಯಿತು. ಸೈನಿಕರನ್ನು ಸಾಗಿಸುವ ಹಡಗುಗಳು ಬೇಸಿಗೆಯ ಧಗೆಯನ್ನು ತಪ್ಪಿಸಲು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಓಡಾಡುತ್ತಿದ್ದುದರಿಂದ, ಏಪ್ರಿಲ್‌ನಲ್ಲಿ ಅವಧಿ ಮುಗಿದವನು ಮುಂದಿನ ಹಡಗಿಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು. 1870ರ ಕಾನೂನು ಅಲ್ಪಾವಧಿಯ ಸೇವೆಗೆ ದಾರಿ ಮಾಡಿಕೊಟ್ಟ ಮೇಲೆ ಹೀಗೆ ಮರಳುವವರ ಸಂಖ್ಯೆಯೂ ಬೆಳೆಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದಲ್ಲಿ ಸೇವೆ ಸಲ್ಲಿಸಿದ ಫ್ರಾಂಕ್ ರಿಚರ್ಡ್ಸ್ ಎಂಬ ಸಾಮಾನ್ಯ ಸಿಪಾಯಿ 1936ರಲ್ಲಿ ಪ್ರಕಟಿಸಿದ ನೆನಪುಗಳಲ್ಲಿ ಈ ಶಿಬಿರವನ್ನು ವರ್ಣಿಸಿದ್ದಾನೆ. ಅಲ್ಲಿದ್ದವರ ಬಳಿ ಆಯುಧವಿರಲಿಲ್ಲ, ಆಗೊಮ್ಮೆ ಈಗೊಮ್ಮೆ ಕವಾಯತು ನಡಿಗೆಯ ಹೊರತು ಕೆಲಸವೂ ಇರಲಿಲ್ಲ. ವರ್ಷಗಟ್ಟಲೆ ಕಳಂಕವಿಲ್ಲದೆ ದುಡಿದಿದ್ದವರೂ ಊರಿಗೆ ಹೊರಡುವ ಹೊಸ್ತಿಲಲ್ಲಿ ಏನಾದರೊಂದು ಅಪರಾಧ ಮಾಡಿ ಸೆರೆಮನೆ ಸೇರುತ್ತಿದ್ದರು. ಮಾತಿನ ಮೂಲ ಈ ಬೇಸರವೇ ಇರಬೇಕೆಂದು ಅವನು ಊಹಿಸುತ್ತಾನೆ. ಅಲ್ಲಿದ್ದ ಹುಚ್ಚಾಸ್ಪತ್ರೆಯಿಂದ ಮಾತು ಹುಟ್ಟಿತೆಂಬ ಕಥೆಯೂ ಪ್ರಚಾರದಲ್ಲಿದೆ, ಆದರೆ ಶಿಬಿರದಲ್ಲಿ ಕಾದವರ ಪಾಡನ್ನು ಓದಿದ ಮೇಲೆ ಅಂಥ ಆಸ್ಪತ್ರೆಯ ಅಗತ್ಯವೇ ನನಗೆ ಕಾಣಿಸುವುದಿಲ್ಲ.

ನನ್ನ ತಕರಾರಿರುವುದು ಆ ‘ತಾಪ್’ ಎಂಬ ಪದದ ಬಗ್ಗೆ. ದಖ್ಖನಿನ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ ಐನೂರು ಮೀಟರಿಗಿಂತ ಎತ್ತರದಲ್ಲಿರುವ ದೇವಳಾಲಿಯ ಹವೆ ಎಷ್ಟು ಹಿತವೆಂದರೆ, ಮುಂಬಯಿಯ ಪಾರ್ಸಿಗಳೂ ಗುಜರಾತಿಗಳೂ ಆರೋಗ್ಯ ಸುಧಾರಿಸಿಕೊಳ್ಳಲೆಂದು ಅಲ್ಲಿ ಆರೋಗ್ಯಧಾಮಗಳನ್ನು ಕಟ್ಟಿಕೊಂಡರು. ಹೀಗಿರುವಾಗ ಸೈನಿಕರ ತಲೆ ಕೆಡಿಸಿದ್ದು ಹಡಗಿನ ವೇಳಾಪಟ್ಟಿಯೇ ಹೊರತು ಈ ನೆಲದ ಬಿಸಿಲಲ್ಲ; ಆದರೂ ನುಡಿಗಟ್ಟು ಮಾತ್ರ ಲಂಡನ್ನಿನ ಕಚೇರಿಗಳನ್ನು ಬಿಟ್ಟು ಊರಿಗೆ ಜ್ವರದ ಹೆಸರು ಕಟ್ಟಿತು.

ಕಾಲಕ್ರಮೇಣ ‘ಟ್ಯಾಪ್’ ಬಳಕೆಯಿಂದ ಬಹುಮಟ್ಟಿಗೆ ಉದುರಿಹೋಯಿತು. ಉಳಿದ ‘ಡೂಲ್ಯಾಲಿ’ಯನ್ನು ಇಂದು ಮರೆವಿನ ಅಜ್ಜನಿಗೂ ಬಟ್ಟೆ ಒಗೆಯುವ ಕೆಟ್ಟುನಿಂತ ಯಂತ್ರಕ್ಕೂ ನಗುನಗುತ್ತಲೇ ಅನ್ವಯಿಸುತ್ತಾರೆ. ದೇವಳಾಲಿಯಲ್ಲಿ ಈಗ ಭಾರತೀಯ ಸೇನೆಯ ಫಿರಂಗಿದಳದ ತರಬೇತಿ ಶಾಲೆಯಿದೆ.